ಮೀಟರಿನಲ್ಲಿ ಎಂಟುನೂರ ಅರವತ್ತೆರಡು

ಹೋದ ತಿಂಗಳು ಎರಡು ದಿನದ ತರಬೇತಿಗೆಂದು ಹುಮನಾಬಾದಿಗೆ ಹೋಗಿದ್ದೆ. ಸಂಜೆ ಬಸ್ ನಿಲ್ದಾಣದ ಕಡೆ ನಡೆದು ಬರುವಾಗ ಹೆದ್ದಾರಿ ಬದಿಯ ಗ್ಯಾರೇಜುಗಳ ಸಾಲಿನಲ್ಲಿ ಒಂದು ವಾಸನೆ ಮೂಗಿಗೆ ಬಡಿಯಿತು. ಡೀಸೆಲ್ಲಿನದಲ್ಲ, ಅದು ಅಲ್ಲಿ ಹನ್ನೆರಡು ತಿಂಗಳೂ ಇರುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಇಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದಾಗ ಅದರ ಮೈಗೆ ಬಳಿದ ಹೊಸ ಬಣ್ಣ ಬಿಸಿಗೆ ಸೀಯುತ್ತದೆ, ಜೋಡಿಸುವಾಗ ಒಳಗೆ ಸವರಿದ ಎಣ್ಣೆ ನೀಲಿ ಹೊಗೆಯಾಗಿ ಹೊರಗೆ ಬರುತ್ತದೆ. ಆ ಎರಡೂ ಕೂಡಿದ ವಾಸನೆ. ಮಂದಿಗೆ ಮಲ್ಲಿಗೆಯೋ ಮೊದಲ ಮಳೆಯ ಮಣ್ಣೋ ಹಳೆಯದನ್ನು ನೆನಪಿಗೆ ತರುತ್ತದಂತೆ. ನನ್ನ ಹಣೆಬರಹಕ್ಕೆ ಇದು. ನಾನು ಅಲ್ಲೇ ನಿಂತುಬಿಟ್ಟೆ. ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತ ಬಂದು, "ಏನ್ ಬೇಕಾಗಿತ್ರಿ ಬಾಯಾರ?" ಎಂದು ಕೇಳಿದ. ಏನೂ ಇಲ್ಲಪ್ಪ ಅಂದೆ. ಅವನು ನನ್ನ ಮುಖ ನೋಡಿ ಒಂದು ಸ್ಟೂಲು ತಂದಿಟ್ಟ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನಮ್ಮ ಮನೆಯೆಲ್ಲ ಇದೇ ವಾಸನೆ ಹೊಡೆಯುತ್ತಿತ್ತು.

ನನ್ನ ಅಪ್ಪ ಶರಣಪ್ಪ ಬಸವಕಲ್ಯಾಣದಲ್ಲಿ ಮೂವತ್ತು ವರ್ಷ ಬಾಡಿಗೆ ಗಾಡಿ ಓಡಿಸಿದವನು. ಹೆರಿಗೆಗೆ, ಮದುವೆಗೆ, ಮಣ್ಣಿಗೆ, ಮೂರಕ್ಕೂ ಅವನ ಬಿಳಿ ಗಾಡಿಯೇ. ಅವ್ವ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಳು. ಆಮೇಲೆ ಮನೆಯಲ್ಲಿ ನಾನು, ಅಪ್ಪ, ಆ ಗಾಡಿ. ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತೇನೆ. ಮನೆಯಲ್ಲಿದ್ದ ಕಣ್ಣು ಹೋಗುತ್ತಿರುವುದು ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಅಪ್ಪ ತನ್ನ ಎಡಗಡೆ ಇಟ್ಟ ಚಹಾದ ಕಪ್ಪನ್ನು ಮೂರನೆಯ ಸಲ ಕೆಡವಿದಾಗ.

ಕಲಬುರಗಿಯ ಕಣ್ಣಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ, ಸೀದಾ ಹೇಳಿದರು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಎರಡೂ ಬದಿಯ ನೋಟ ಹೋಗಿದೆ, ನಡುವೆ ಉಳಿದಿರುವುದೂ ಉಳಿಯುವುದಿಲ್ಲ. ಹನಿ ಹಾಕಿದರೆ ನಿಧಾನವಾಗಿ ಹೋಗುತ್ತದೆ, ಅಷ್ಟೆ. ಗಾಡಿ ಇವತ್ತಿನಿಂದಲೇ ಬಂದ್. ಅಪ್ಪ ಹೂಂ ಎಂದು ತಲೆ ಆಡಿಸಿದ. ಮನೆ ಮುಟ್ಟಿದ ಮೇಲೆ ಹೇಳಿದ:

"ಗಾಡಿ ಹುಮನಾಬಾದದಾಗ ಅದಲ್ಲ ಮಾದೇವಿ. ಇಂಜಿನ್ ಬಿಚ್ಚಿ ಹಾಕ್ಯಾನ ಉಸ್ತಾದ. ಈಗ ಬ್ಯಾಡ ಅನ್ಲಾಕ ಬರ್ತದೇನು?"

ಅದು ನಿಜ. ಡಾಕ್ಟರ ಹತ್ತಿರ ಹೋಗುವ ಮೊದಲೇ ಗಾಡಿ ಖಾದರ್ ಉಸ್ತಾದರ ಗ್ಯಾರೇಜು ಸೇರಿತ್ತು. ಎಣ್ಣೆ ಕುಡಿಯುತ್ತಿತ್ತು, ಏರು ಬಂದರೆ ಕೆಮ್ಮುತ್ತಿತ್ತು. ಉಸ್ತಾದರು ಅಪ್ಪನ ವಯಸ್ಸಿನವರು, ಬಿಳಿ ಗಡ್ಡಕ್ಕೂ ಗ್ರೀಸು ಹತ್ತಿಸಿಕೊಂಡು ಓಡಾಡುವವರು. ಒಳಗಿದ್ದದ್ದನ್ನೆಲ್ಲ ಬಿಚ್ಚಿ ಹಳೆಯ ಕೌದಿಯ ಮೇಲೆ ಹರವಿದ್ದರು. ಸಿಲಿಂಡರು ಕೊರೆಸಿ ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿದರು. ಎಷ್ಟೋ ವರ್ಷದಿಂದ ಸತ್ತುಬಿದ್ದಿದ್ದ ಕಿಲೋಮೀಟರಿನ ಮೀಟರನ್ನು ಕಿತ್ತು ಹೊಸದು ಕೂಡಿಸಿದರು. ಸೊನ್ನೆಯಿಂದ ಲೆಕ್ಕ ಹಿಡಿಯಲಿ ಎಂದು.

ಗಾಡಿ ತರಲು ನಾವಿಬ್ಬರೂ ಹೋದೆವು. ಅಪ್ಪ ಇಂಜಿನ್ನಿಗೆ ವಿಭೂತಿ ಹಚ್ಚಿ ಕೈ ಮುಗಿದ, ಉಸ್ತಾದರು ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದರು. ನೀಲಿ ಹೊಗೆ ಎದ್ದಿತು. ಅದೇ ವಾಸನೆ.

"ಶರಣಪ್ಪಾ, ಇದು ಈಗ ಹೊಸ ಸೊಸಿ ಇದ್ದಂಗ. ಬಂದ ದಿನಾನೇ ಕೊಡ ಹೊರಸಬ್ಯಾಡ" ಎಂದರು ಉಸ್ತಾದರು. "ಹಜಾರ ಕಿಲೋಮೀಟರ್ ತನಾ ಕಾಟಾ ನಲವತ್ತರ ಮ್ಯಾಲೆ ಹೋಗಬಾರ್ದು. ವಜ್ಜಿ ಹೇರಬಾರ್ದು. ಐನೂರಕ್ಕ ಬಾ, ಎಣ್ಣಿ ಬದಲಿ ಮಾಡ್ತೀನಿ. ನಿಂತಲ್ಲೇ ಚಾಲೂ ಇಡಬ್ಯಾಡ, ಅದು ಎಲ್ಲಕ್ಕಿಂತ ಖರಾಬ್. ಮತ್ತ ಒಂದೇ ಕಾಲು. ಇವತ್ತ ನೀ, ನಾಳಿ ಮತ್ತೊಬ್ಬ ಅಂತ ಮಾಡಬ್ಯಾಡ. ಯಾರ ಕಾಲಿಗಿ ಕಲೀತದೋ, ಹಜಾರ ತನಾ ಅವರದೇ ಕಾಲು."

ಹೊಸ ರಿಂಗುಗಳೂ ಸಿಲಿಂಡರಿನ ಗೋಡೆಯೂ ಮೊದಮೊದಲು ಒಂದಕ್ಕೊಂದು ಒರಟು. ಹದವಾಗಿ ಓಡಾಡಿದರೆ ಉಜ್ಜಿ ಉಜ್ಜಿ ಕೂಡಿಕೊಳ್ಳುತ್ತವೆ. ಆಮೇಲೆ ವರ್ಷಗಟ್ಟಲೆ ತಕರಾರಿಲ್ಲ. ಇಷ್ಟು ನನಗೆ ಅರ್ಥವಾಗುತ್ತದೆ. ಒಂದೇ ಕಾಲಿನ ಮಾತು ಮಾತ್ರ ಯಾವ ವಿಜ್ಞಾನದಲ್ಲೂ ಇಲ್ಲ, ಅದು ಹುಮನಾಬಾದಿನ ಗ್ಯಾರೇಜುಗಳ ಶಾಸ್ತ್ರ. ಆದರೆ ಅಪ್ಪ ಗಟ್ಟಿಯಾಗಿ ಹಿಡಿದುಕೊಂಡದ್ದು ಅದೊಂದೇ ಮಾತನ್ನು.

"ನನಗೂ ಗಾಡಿ ಬರ್ತದಲ್ಲಪ್ಪ. ನೀನೇ ಕಲಿಸಿದ್ದು. ನಾನೇ ಹೊಡೀತೀನಿ" ಎಂದೆ.

"ಒಂದೇ ಕಾಲು ಅಂದಾನ ಉಸ್ತಾದ. ಹಜಾರ ಕಿಲೋಮೀಟರ್ ಅಷ್ಟೇ ಕೊಡು ನನಗ. ಹಜಾರ ಆದ ದಿನ ಕೀಲಿ ನಿನ್ನ ಕೈಯಾಗ ಇಡ್ತೀನಿ. ಲಿಂಗದ ಆಣಿ."

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವನು ಜೀವಮಾನದಲ್ಲಿ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನೂ ಒಂದು ಕರಾರು ಹಾಕಿದೆ. ಬೆಳಿಗ್ಗೆ ಮಾತ್ರ, ಹೆದ್ದಾರಿ ಬೇಡ, ಎಡಗಡೆ ಸೀಟಿನಲ್ಲಿ ನಾನು ಕೂತಿರಬೇಕು, ನಾನು ಹೇಳಿದ ಹಾಗೆ ಗಾಡಿ ತಿರುಗಬೇಕು. "ಆತು, ಕಾಲು ನಂದು, ಕಣ್ಣು ನಿಂದು" ಎಂದು ಅಪ್ಪ ನಕ್ಕ. ಡಾಕ್ಟರ ಮಾತನ್ನು ಮೀರಿದ್ದು ನಾವಿಬ್ಬರೂ ಸೇರಿ, ಅದರಲ್ಲೂ ಎಲ್ಲ ಗೊತ್ತಿದ್ದು ಮೀರಿದವಳು ನಾನು.

ಹೀಗೆ ಡಿಸೆಂಬರಿನ ಚಳಿಯಲ್ಲಿ ನಮ್ಮ ತಿರುಗಾಟ ಶುರುವಾಯಿತು. ಆರೂವರೆಗೆ ಹೊರಡುವುದು, ಮಂಠಾಳದ ದಾರಿ ಹಿಡಿಯುವುದು, ಹೋಗಿ ಬಂದು ಶಾಲೆಗೆ ಹೊತ್ತಾಗದಂತೆ ಮನೆ ಸೇರುವುದು. ಅಪ್ಪ ಮಫ್ಲರು ಕಟ್ಟಿಕೊಂಡು ಸ್ಟೇರಿಂಗಿನ ಮುಂದೆ ಕೂತರೆ ಹತ್ತು ವರ್ಷ ಚಿಕ್ಕವನಾಗುತ್ತಿದ್ದ. ಮೂವತ್ತಕ್ಕೆ ಏರಿಸಿ, ಕಾಲು ಸಡಿಲಿಸಿ ಇಪ್ಪತ್ತಕ್ಕೆ ಇಳಿಸಿ, ಮತ್ತೆ ಏರಿಸುತ್ತಿದ್ದ. ಒಂದೇ ವೇಗದಲ್ಲಿ ಓಡಿಸಿದರೂ ರಿಂಗು ಸರಿಯಾಗಿ ಕೂಡುವುದಿಲ್ಲವಂತೆ. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವರೂ ಗಂಟೆ ಬಾರಿಸಿ ನಮ್ಮನ್ನು ದಾಟಿ ಹೋಗುತ್ತಿದ್ದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದೆ. "ಎಡಕ್ಕ ಎಮ್ಮಿ." "ಮುಂದ ತೆಗ್ಗು ಅದ." "ಜರಾ ಬಲಕ್ಕ." "ಸಾಕು, ಸೀದಾ." ಮನೆಗೆ ಬಂದ ಮೇಲೂ ನನ್ನ ಬಾಯಿಂದ ಅದೇ ಮಾತು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಬೋರ್ಡು ಒರೆಸುತ್ತಿದ್ದ ಹುಡುಗಿಗೆ ಜರಾ ಬಲಕ್ಕ ಎಂದು ಹೇಳಿ ನಗೆಪಾಟಲಾದೆ.

ಆ ದಿನಗಳು ಸುಖದವು ಎಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳಬೇಕು. ಆದರೂ ಸುಖದವೇ. ಅಪ್ಪ ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಯಾವ ಹೊಲದ ಬದುವಿನಲ್ಲಿ ಯಾರ ಹೆಂಡತಿ ಗಾಡಿಯಲ್ಲೇ ಹೆತ್ತಳು, ಗೋರ್ಟಾದ ಮದುಮಗ ಯಾವ ತಿರುವಿನಲ್ಲಿ ನನಗೆ ಮದುವೆ ಬೇಡ ಎಂದು ಇಳಿದು ಓಡಿದ, ಎಲ್ಲ. ಎರಡೂ ಬದಿ ಅವನಿಗೆ ಕಾಣುತ್ತಿರಲಿಲ್ಲ. ನೆನಪಿನಿಂದಲೇ ಕೈ ಮಾಡಿ ತೋರಿಸುತ್ತಿದ್ದ, ಮತ್ತು ಒಂದು ಸಲವೂ ತಪ್ಪಿ ತೋರಿಸಲಿಲ್ಲ. ಬೇವಿನ ಮರ ಎಂದರೆ ಅಲ್ಲಿ ಬೇವಿನ ಮರವೇ ಇರುತ್ತಿತ್ತು.

ಮಂಠಾಳ ಇನ್ನೂ ಸ್ವಲ್ಪ ದೂರ ಇರುವಾಗ ಬಲಕ್ಕೆ ಒಂದು ತೊಗರಿ ಹೊಲ. ಅದರ ಒಡತಿ ಕಾಶೀಬಾಯಿ, ಅರವತ್ತರ ಆಚೀಚಿನ ಹೆಂಗಸು. ಕುರಿ ಕಾಯುವ ಮನೆತನ; ಮಗ ಕುರಿ ಹೊಡೆದುಕೊಂಡು ಹೋದರೆ ಇವಳು ಹೊಲ ನೋಡುತ್ತಿದ್ದಳು. ಎಳ್ಳಮಾಸಿಯ ದಿನ, ಎಲ್ಲರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಬರುವ ಹಬ್ಬ ಅದು, ರಸ್ತೆಗೆ ಓಡಿಬಂದು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದಳು.

"ಶರಣಪ್ಪಾ, ಹಬ್ಬದ ದಿನ ಹಂಗೇ ಹೊಂಟಿಯಾ? ನನ್ನ ಸೊಸಿ ಹೆರಿಗಿಗಿ ನಿನ್ನ ಗಾಡ್ಯಾಗೇ ಹೋಗಿದ್ಳು, ಮರತಿ?"

ಅಪ್ಪ ಇಂಜಿನ್ನು ಬಂದ್ ಮಾಡಿದ; ನಿಂತಲ್ಲೇ ಚಾಲೂ ಇಡಬಾರದಲ್ಲ. ಅವಳು ಕಿಟಕಿಯಿಂದ ಸಜ್ಜೆ ರೊಟ್ಟಿ, ಅದರ ಮೇಲೆ ಭಜ್ಜಿ ಪಲ್ಯ ಇಟ್ಟು ಕೊಟ್ಟಳು. ಅಪ್ಪನ ಕೈ ರೊಟ್ಟಿಗಾಗಿ ಗಾಳಿಯಲ್ಲಿ ತಡಕಾಡಿತು. ಕಾಶೀಬಾಯಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಅವನ ಕೈ ಹಿಡಿದು ಅಂಗೈಯಲ್ಲಿ ರೊಟ್ಟಿ ಇಟ್ಟಳು. ಅಂದಿನಿಂದ ದಿನಾ ನಮ್ಮ ಗಾಡಿ ಬರುವ ಹೊತ್ತಿಗೆ ಅವಳು ಕೈ ಎತ್ತುವುದು, ನಾನು ನಕ್ಕು ಕೈ ಎತ್ತುವುದು ರೂಢಿಯಾಯಿತು.

ಐನೂರು ಆದಾಗ ಹುಮನಾಬಾದಿಗೆ ಹೋದೆವು. ಒಳದಾರಿ ಹಿಡಿದು, ಘಾಟಬೋರಾಳದ ಕಡೆಯಿಂದ ಸುತ್ತಿ. ಉಸ್ತಾದರು ಹಳೆಯ ಎಣ್ಣೆಯನ್ನು ಬೋಗುಣಿಗೆ ಇಳಿಸಿ ಬಿಸಿಲಿಗೆ ಹಿಡಿದರು. ಕಪ್ಪು ಎಣ್ಣೆಯಲ್ಲಿ ಬೆಳ್ಳಿಯ ಪುಡಿ ಮಿನುಗುತ್ತಿತ್ತು. "ಇದು ಇಂಜಿನ್ನಿನ ಸೊಕ್ಕು. ಇಳದದ ನೋಡು. ಛಲೋ ಕಾಲದ ನಿಂದು ಶರಣಪ್ಪಾ" ಎಂದರು. ಅಪ್ಪ ಬೋಗುಣಿಯ ಮೇಲೆ ಬಗ್ಗಿ ನೋಡಿದ, ಹೌದು ಹೌದು ಎಂದ. ಅವನಿಗೆ ಕಂಡಿರಲಿಕ್ಕಿಲ್ಲ. ಉಸ್ತಾದರು ನನ್ನನ್ನು ಪಕ್ಕಕ್ಕೆ ಕರೆದು, "ಬೇಟಿ, ನಿಮ್ಮಪ್ಪಗ ಕಣ್ಣು ಬರಾಬರ್ ಅದಾವೇನು?" ಎಂದು ಕೇಳಿದರು. ಅದಾವ್ರಿ ಅಂದೆ. ಇನ್ನು ಐನೂರು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

ನಿಜ ಹೇಳಬೇಕೆಂದರೆ ಆರುನೂರು ದಾಟಿದ ಮೇಲೆ ನನಗೆ ಸಾಕಾಗಿತ್ತು. ಅಪ್ಪನ ನೋಟ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಮೊದಲು ನೂರು ಮಾರು ದೂರದ ಲಾರಿಯನ್ನು ತಾನೇ ಹೇಳುತ್ತಿದ್ದವನು ಈಗ ನಾನು ಹೇಳಿದ ಮೇಲೆ ಬ್ರೇಕು ಒತ್ತುತ್ತಿದ್ದ. ಸಾವಿರ ಯಾವಾಗ ಆದೀತು, ಕೀಲಿ ಯಾವಾಗ ಕೈಗೆ ಬಂದೀತು ಎಂದು ಮೀಟರು ನೋಡುವುದು ನನಗೆ ಚಟವಾಯಿತು. ಅದರ ಸಣ್ಣ ಅಂಕಿಗಳು ಅಪ್ಪನಿಗೆ ಕಾಣುತ್ತಿರಲಿಲ್ಲ. ನನ್ನ ಸೀಟಿನಿಂದ ನೋಡಬೇಕೆಂದರೆ ನಾನು ಬಲಕ್ಕೆ ಬಾಗಿ ಸ್ಟೇರಿಂಗಿನ ಹಿಂದೆ ತಲೆ ತೂರಿಸಬೇಕಿತ್ತು.

ಸಂಕ್ರಾಂತಿ ಮುಗಿದಿತ್ತು. ತೊಗರಿ ಕೊಯ್ದು ರಸ್ತೆಯ ಮೇಲೆ ಹರವುವ ದಿನಗಳು. ನಮ್ಮ ಕಡೆ ಇದು ಪದ್ಧತಿ. ಒಣಗಿದ ಗಿಡಗಳನ್ನು ಡಾಂಬರಿನ ಮೇಲೆ ಹಾಸಿದರೆ ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರುತ್ತವೆ. ಹೆಂಗಸರು ಅಂಚಿನಲ್ಲಿ ಕೂತು ಗಿಡ ತಿರುವಿ ಹಾಕುತ್ತಾರೆ, ಸಿಡಿದ ಕಾಯಿ ಆರಿಸುತ್ತಾರೆ. ಹೊಸಬರು ಬೈದುಕೊಂಡು ಬದಿಯಿಂದ ಹೋಗುತ್ತಾರೆ. ಹಳೆಯ ಡ್ರೈವರುಗಳು ಮಾತ್ರ ಬೇಕೆಂದೇ ನಟ್ಟನಡುವೆ ಹಾಯಿಸುತ್ತಾರೆ. "ಮಂದಿ ರಾಶಿ ತುಳದು ಕೊಡೋದು ಪುಣ್ಯದ ಕೆಲಸ" ಎನ್ನುತ್ತಿದ್ದ ಅಪ್ಪ. ಕಾಶೀಬಾಯಿ ತನ್ನ ಹೊಲದ ಎದುರಿಗೆ ಹಾಸಿದ್ದಳು. ಒಂದು ವಾರದಿಂದ ದಿನಾ ಅವಳ ತೊಗರಿಯ ಮೇಲೆ ನಮ್ಮ ಗಾಡಿ ಹೋಗುತ್ತಿತ್ತು. ಹಾಸಿನ ಎಡ ಅಂಚಿನಲ್ಲಿ ಅವಳು ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದಳು. ನಾನು ಮುಂಚೆಯೇ "ಜರಾ ಬಲಕ್ಕ" ಅನ್ನುತ್ತಿದ್ದೆ. ಗಾಡಿ ನಡುವಿಗೆ ಬರುತ್ತಿತ್ತು. ಅವಳು ಕೂತಲ್ಲಿಂದ ಏಳುತ್ತಲೂ ಇರಲಿಲ್ಲ. ಅಷ್ಟು ನಂಬಿಕೆ.

ಆ ದಿನ ನಾನು ಜರಾ ಬಲಕ್ಕ ಅನ್ನಲಿಲ್ಲ.

ನಾನು ಮೀಟರು ನೋಡುತ್ತಿದ್ದೆ. ಎಂಟುನೂರ ಅರವತ್ತೆರಡು. ಇನ್ನು ನೂರ ಮೂವತ್ತೆಂಟು, ಎಂದರೆ ನಾಲ್ಕು ಬೆಳಿಗ್ಗೆ, ಐದನೆಯದಕ್ಕೆ ಸ್ವಲ್ಪ. ಭಾನುವಾರ ಎರಡು ಸುತ್ತು ಹೊಡೆದರೆ ಇನ್ನೂ ಬೇಗ. ಈ ಲೆಕ್ಕ ಹಾಕುತ್ತಿರುವಾಗ ಗಾಲಿಯ ಕೆಳಗೆ ತೊಗರಿ ಮುರಿಯುವ ಸದ್ದು ಕೇಳಿತು, ಅದರೊಳಗೆ ಇನ್ನೊಂದು ಸದ್ದು. ಆಮೇಲೆ ಕೂಗು. ವೇಗದ ಕಾಟಾ ಮೂವತ್ತನ್ನೂ ಮುಟ್ಟಿರಲಿಲ್ಲ.

ಅಪ್ಪ ಬ್ರೇಕು ಒತ್ತಿ ಇಳಿದ. ಯಾವ ಕಡೆ ಎಂದು ಅವನಿಗೆ ತಿಳಿಯಲಿಲ್ಲ. ಗಾಡಿಯ ಮೈ ಹಿಡಿದುಕೊಂಡು ಸುತ್ತು ಹಾಕಿ ಬಂದ. ಕಾಶೀಬಾಯಿಯ ಬಲಗೈ ಎಡಗಡೆಯ ಗಾಲಿಯ ಕೆಳಗೆ ಸಿಕ್ಕಿ ಹೊರಬಂದಿತ್ತು. ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ. ನಾನು ನನ್ನ ಓಢಣಿ ಬಿಚ್ಚಿ ಕಟ್ಟಿದೆ. ಅವಳು ಅಳುತ್ತಿರಲಿಲ್ಲ, ಹಲ್ಲು ಕಚ್ಚಿ ಅಪ್ಪನನ್ನೇ ನೋಡುತ್ತಿದ್ದಳು.

"ಯಪ್ಪಾ ಶರಣಪ್ಪಾ, ನಾ ಕಾಣಲಿಲ್ಲೇನು ನಿನಗ?"

ಸುತ್ತಲಿನ ಹೊಲಗಳಿಂದ ಜನ ಓಡಿ ಬಂದು ನಿಂತಿದ್ದರು. ಅಪ್ಪ ತೊಗರಿಯ ಮೇಲೆ ಮೊಳಕಾಲೂರಿ ಕೂತ. ಅವಳ ಧ್ವನಿ ಬಂದ ಕಡೆ ಮುಖ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಇಲ್ಲವ್ವಾ. ನನಗ ಕಣ್ಣು ಕಾಣಂಗಿಲ್ಲ."

ಮನೆಯೊಳಗೆ ನನಗೂ ಹೇಳಿರದಿದ್ದ ಮಾತು ಅದು. ಆಮೇಲೆ ಕೀಲಿಯನ್ನು ನನ್ನ ಕೈಗೆ ತುರುಕಿದ. "ನೀ ಹೊಡಿ ಮಾದೇವಿ. ಇಂಜಿನ್ ನೋಡಬ್ಯಾಡ, ಒತ್ತು." ಕಾಶೀಬಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು, ಅವಳ ತಲೆ ಅಪ್ಪನ ತೊಡೆಯ ಮೇಲೆ. ನಾನು ಎಂಬತ್ತರಲ್ಲಿ ಓಡಿಸಿದೆ. ಆರು ವಾರ ನಲವತ್ತು ದಾಟದ ಇಂಜಿನ್ನು ಒಂದು ಸಲವೂ ಕೆಮ್ಮಲಿಲ್ಲ, ಕಾದು ನಿಲ್ಲಲಿಲ್ಲ. ಅಷ್ಟು ಚೆನ್ನಾಗಿ ಪಳಗಿಸಿದ್ದ ಅಪ್ಪ. ನನಗೆ ಆ ಇಂಜಿನ್ನಿನ ಮೇಲೆ ಹೇಸಿಗೆ ಹುಟ್ಟಿತು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಉಳಿದ ಎರಡು ಮಡಚುವುದಿಲ್ಲ. ವರಾಂಡದಲ್ಲಿ ಪೊಲೀಸಿನವರು ಬಂದು ಗಾಡಿ ಯಾರು ಹೊಡೆಯುತ್ತಿದ್ದರು ಎಂದು ಕೇಳಿದಾಗ ನಾನು, "ನಾನ್ರಿ" ಎಂದೆ. ಅಪ್ಪ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಬಾಯಿ ತೆರೆದ. ನಾನು ಅವನ ಭುಜ ಒತ್ತಿ ಹಿಡಿದೆ. ಮೂವತ್ತು ವರ್ಷ ಸುಳ್ಳಾಡದವನು ಅವತ್ತು ಬಾಯಿ ಮುಚ್ಚಿಕೊಂಡ. ಎರಡು ದಿನದ ಮೇಲೆ ಕಾಶೀಬಾಯಿಯ ಮಗ ಬಂದು, ರಸ್ತೆಯ ಮೇಲೆ ರಾಶಿ ಹಾಕಿದ್ದು ನಮ್ಮದೂ ತಪ್ಪು, ನನ್ನವ್ವ ಕೇಸು ಬೇಡ ಅನ್ನುತ್ತಾಳೆ ಎಂದು ಬರೆದುಕೊಟ್ಟ. ಆ ಕ್ಷಮೆಯಷ್ಟು ಭಾರವಾದದ್ದನ್ನು ನಾನು ಹೊತ್ತಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ನಾನು ಅಪ್ಪನ ತಪ್ಪನ್ನು ನನ್ನ ಮೇಲೆ ಹಾಕಿಕೊಂಡದ್ದು ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಯಾರೂ ಬೈಯಲಿಲ್ಲ. ಸ್ಟಾಫ್ ರೂಮಿನಲ್ಲಿ, "ಮಗಳಂದ್ರ ಹಿಂಗಿರಬೇಕ ನೋಡ್ರಿ" ಎಂದರು. ಪಕ್ಕದ ಮನೆಯ ಅಜ್ಜಿ ಕೆನ್ನೆ ಸವರಿ ನೆಟಿಗೆ ಮುರಿದಳು. ಅಪ್ಪನೂ ಒಂದು ಬೆಳಿಗ್ಗೆ ಹೇಳಿದ: "ನನ್ನ ಕಣ್ಣಿನ ಪಾಪ ನಿನ್ನ ತಲಿ ಮ್ಯಾಲ ಬಂತಲ್ಲ ಯವ್ವಾ." ಆಗ ನಾನು ಹೇಳಬಹುದಿತ್ತು. ಪಾಪ ನಿನ್ನ ಕಣ್ಣಿನದಲ್ಲ, 'ಕಣ್ಣು ನಿಂದು' ಅಂತ ನನಗೆ ನೀನೇ ಅಂದಿದ್ದಿ, ಆ ಕಣ್ಣು ಮೀಟರಿನಲ್ಲಿತ್ತು ಎಂದು. ನಾಲಿಗೆಯ ತುದಿಗೆ ಬಂದದ್ದನ್ನು ಉಗುಳು ನುಂಗಿದ ಹಾಗೆ ನುಂಗಿದೆ. ತ್ಯಾಗಿ ಎನಿಸಿಕೊಂಡ ಮೇಲೆ ಕಳ್ಳಿ ಎಂದು ಹೇಳಿಕೊಳ್ಳುವುದು ಬಹಳ ಕಷ್ಟ. ಒಂದು ದಿನ ತಡವಾದರೆ ಹತ್ತು ದಿನ ತಡವಾಗುತ್ತದೆ, ಆಮೇಲೆ ಅದಕ್ಕೆ ಹೊತ್ತೇ ಬರುವುದಿಲ್ಲ.

ಗಾಡಿ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ನಿಂತಿತು. ಮೀಟರು ಎಂಟುನೂರ ಎಪ್ಪತ್ತಾರು. ಉಳಿದದ್ದನ್ನು ನೀನು ಮುಗಿಸು ಎಂದು ಅಪ್ಪ ಎರಡು ಸಲ ಹೇಳಿದ. ನಾನು ಆಗುವುದಿಲ್ಲ ಎಂದೆ, ಮೂರನೆಯ ಸಲ ಅವನು ಕೇಳಲಿಲ್ಲ. ಆದರೆ ದಿನಾ ಆರೂವರೆಗೆ ಮಫ್ಲರು ಕಟ್ಟಿಕೊಂಡು, ಗೋಡೆ ಹಿಡಿದು ಹೋಗಿ ಸೀಟಿನಲ್ಲಿ ಕೂತು ಇಂಜಿನ್ನು ಚಾಲೂ ಮಾಡುತ್ತಿದ್ದ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಗೇರು ಹಾಕುತ್ತಿರಲಿಲ್ಲ. ಕಾಲನ್ನು ಮೆಲ್ಲಗೆ ಒತ್ತಿ, ಸಡಿಲಿಸಿ, ಮತ್ತೆ ಒತ್ತುತ್ತಿದ್ದ. ಉಸ್ತಾದರು ಬೇಡ ಎಂದಿದ್ದ ಕೆಲಸವನ್ನೇ ಮಾಡುತ್ತಿದ್ದ. ಬೇಡ ಎನ್ನುವ ಹಕ್ಕು ನನಗೆಲ್ಲಿ ಉಳಿದಿತ್ತು? ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಆ ಸದ್ದು ಕೇಳುತ್ತಿದ್ದೆ.

ಬೇಸಿಗೆಯಲ್ಲಿ ಉಸ್ತಾದರು ಯಾವುದೋ ಮದುವೆಗೆ ಬಂದವರು ಮನೆಗೂ ಬಂದರು. ಬಾನೆಟ್ಟು ಎತ್ತಿ ಇಂಜಿನ್ನಿನ ಸದ್ದು ಕೇಳಿದರು, ಹಿಂದೆ ಹೋಗಿ ಹೊಗೆಗೆ ಅಂಗೈ ಹಿಡಿದರು. ನೀಲಿ ಹೊಗೆ ಮತ್ತೆ ಶುರುವಾಗಿತ್ತು.

"ನಿಂತಲ್ಲೇ ಓಡಿಸಿ ಕೊಂದಿ ಶರಣಪ್ಪಾ. ರಿಂಗ್ ಕೂಡಲಿಲ್ಲ, ಸಿಲಿಂಡರಿನ ಗ್ವಾಡಿ ಕನ್ನಡಿಯಂಗ ನುಣ್ಣಗಾಗ್ಯದ. ಇನ್ನ ಎಣ್ಣಿ ಕುಡಕೋತನೇ ಇರ್ತದ. ಕಡೀಕ ಬಂದು ಹಿಂಗ್ಯಾಕ ಮಾಡಿದಿ?"

"ದಾರಿ ಇರಲಿಲ್ಲ ಉಸ್ತಾದ" ಎಂದ ಅಪ್ಪ.

ಆ ಹೊತ್ತಿಗೆ ಅವನಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ದಸರೆಗೆ ಎಂಟು ದಿನ ಇರುವಾಗ, ನಾನು ಶಾಲೆಯಿಂದ ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಸಂಜೆ ಪಕ್ಕದ ಮನೆಯವನ ಕೈ ಹಿಡಿದು ಬಂದ, ಚಪ್ಪಲಿಯ ತುಂಬ ಕರಿಮಣ್ಣು. ಎಲ್ಲಿಗೆ ಹೋಗಿದ್ದಿ ಎಂದರೆ ಮಠಕ್ಕ ಎಂದ. ಚಹಾ ಕೊಟ್ಟೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ:

"ಮಾದೇವಿ, ಕಾಶೀಬಾಯಿ ಕೈ ಮ್ಯಾಲ ಗಾಲಿ ಹೋಗೋ ಹೊತ್ತಿಗಿ ಮೀಟರ್ ಎಷ್ಟಿತ್ತು?"

"ಎಂಟುನೂರ ಅರವತ್ತೆರಡು" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಆ ಅಂಕಿ ನನ್ನ ಕಣ್ಣೊಳಗೇ ಅಚ್ಚಾಗಿತ್ತು.

"ಹೂಂ" ಎಂದ ಅಪ್ಪ. ಚಹಾ ಕುಡಿದ. ನನ್ನ ತಲೆಯ ಮೇಲೆ ಕೈ ಇಡಲು ಬಂದು, ಎಡವಿ ಕಿವಿಯ ಮೇಲೆ ಇಟ್ಟ. ಮರುದಿನದಿಂದ ಗಾಡಿಯ ಕಡೆ ಹೋಗಲಿಲ್ಲ. ನಾನು ಮನಸ್ಸು ಹಗುರವಾಯಿತೇನೋ ಎಂದುಕೊಂಡೆ. ಮುಂದಿನ ಸಂಕ್ರಾಂತಿಗೆ ಮೂರು ದಿನ ಇರುವಾಗ, ಜ್ವರ ಎಂದು ಮಲಗಿದವನು ಏಳಲಿಲ್ಲ. ಗಾಡಿಯನ್ನು ಗುಜರಿಯವರು ಬಂದು ಎಳೆದುಕೊಂಡು ಹೋದರು.

ಇದೆಲ್ಲ ಆ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ನೆನೆದದ್ದು. ಉಸ್ತಾದರ ಅಂಗಡಿ ಮುಚ್ಚಿದೆ, ಅವರು ಮಗಳ ಊರಿಗೆ ಹೋದರಂತೆ. ಅಪ್ಪನಿಗೆ ಹೇಳಲಾರದ್ದನ್ನು ಇನ್ನು ಯಾರಿಗಾದರೂ ಹೇಳುವುದಿದ್ದರೆ ಒಬ್ಬಳಿಗೆ ಮಾತ್ರ ಎನಿಸಿತು. ಮುಂದಿನ ಭಾನುವಾರ ಮಂಠಾಳದ ಬಸ್ಸು ಹತ್ತಿದೆ.

ತೊಗರಿ ಹರವಿದ್ದರು, ರಸ್ತೆಯ ಮೇಲಲ್ಲ, ಹೊಲದೊಳಗೆ ತಾಡಪತ್ರಿಯ ಮೇಲೆ. ಕಾಶೀಬಾಯಿ ಎಡಗೈಯಲ್ಲಿ ಬಡಿಗೆ ಹಿಡಿದು ಬಡಿಯುತ್ತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ ಬಡಿಗೆ ಕೆಳಗಿಟ್ಟು, "ಬಾ ಯವ್ವಾ, ನೆಳ್ಳಿಗಿ ಕೂಡು" ಎಂದಳು. ನಾನು ನೆರಳಿಗೆ ಹೋಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಗಾಡಿ ಹೊಡೆಯುತ್ತಿದ್ದವನು ಅಪ್ಪ, ಆದರೆ ನೋಡಬೇಕಾದವಳು ನಾನು, ನಾನು ನೋಡಲಿಲ್ಲ ಎಂದೆ. ಹೇಳುವಾಗ ಅಳು ಬಂತು. ಅವಳು ಅಳು ಮುಗಿಯುವ ತನಕ ಕಾದಳು.

"ನನಗ ಗೊತ್ತದ. ನಾ ನೋಡೀನಲ್ಲ" ಎಂದಳು. "ದಿನಾ ನನ್ನ ನೋಡಿ ನಗ್ತಿದ್ದಿ. ಅವತ್ತೂ ನಗ್ತಿ ಅಂತ ನಿನ್ನ ಮಾರೀನೇ ನೋಡ್ಕೋತ ಕುಂತಿದ್ದೆ. ಅದಕ್ಕೇ ಕೈ ತಗಿಲಿಲ್ಲ. ನೀ ಕೆಳಗ ಬಗ್ಗಿದ್ದಿ."

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮಪ್ಪಗ ಹೇಳೀನಿ. ಹ್ವಾದ ದಸರಿಕಿಂತ ಆಚಿ ದಸರಿಗಿ ಬಂದಿದ್ದ, ಬಸ್ಸಿನಾಗ, ಮಂದಿ ಕೈ ಹಿಡಕೊಂಡು. ನನ್ನ ಕಣ್ಣಿಂದ ನಿನ್ನ ಕೈ ಹೋತು ಅಂತ ಕಾಲ ಹಿಡೀಲಾಕ ಬಂದ. ಹಂಗ್ಯಾಕ ಅಳ್ತಿ, ನಿಂದೊಬ್ಬಂದೇ ಅಲ್ಲ, ಮಗಳೂ ನೋಡಲಿಲ್ಲ ಅಂದೆ. ಸಮಾಧಾನ ಆಗ್ಲಿ ಅಂತ ಅಂದೆ, ಯವ್ವಾ."

"ಅಪ್ಪ ಏನಂದ?"

ಕಾಶೀಬಾಯಿ ಬಡಿಗೆಯನ್ನು ಮತ್ತೆ ಎಡಗೈಗೆ ತೆಗೆದುಕೊಂಡಳು.

"ಬಸ್ಸು ಬರೋ ಹೊತ್ತಿಗಿ, ನನಗ ಗೊತ್ತಾಗ್ಯದಂತ ಆಕಿಗಿ ಹೇಳಬ್ಯಾಡ ಅಂದ. ಆಕಿ ತಾನೇ ಹೇಳ್ತಾಳ, ನಾ ಕಾಯ್ತೀನಿ ಅಂದ."